ಜಿತೀಶ್ ಕಲ್ಲಾಟ್ ಚಿತ್ರ ಬಿಟ್ಟು ಶಿಲ್ಪಕ್ಕೆ ಹೊರಳಿದ್ದು ಏಕೆ? ಅವರ ಕೃತಿಗಳನ್ನು ಎಲ್ಲಿಂದ ನೋಡಲು ಶುರುಮಾಡಬೇಕು?

ಬಿಟ್ಟರು ಎನ್ನುವುದನ್ನು ನಾನು ಒಪ್ಪುವುದಿಲ್ಲ. 1974ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಇಲ್ಲಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಜಿತೀಶ್ ಚಿತ್ರ ಬರೆಯುವುದನ್ನು ನಿಲ್ಲಿಸಿಲ್ಲ. ಚಿತ್ರ ಹೊರಲಾರದ ಭಾರ ಎದುರಾದಾಗ ಬೇರೆ ವಸ್ತುವಿಗೆ ಕೈಹಾಕುತ್ತಾರೆ, ಅಷ್ಟೆ.

ನಾನು ದಿನವೂ ವಿ.ಟಿ.ಯಲ್ಲಿ, ಅಂದರೆ ಹಳೆಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದಲ್ಲಿ, ಲೋಕಲ್ ರೈಲು ಇಳಿದು ಕೆಲಸಕ್ಕೆ ಹೋಗುವವನು. ಆ ಕಟ್ಟಡದ ಮೇಲಿಂದ ಬಾಯಿ ತೆರೆದು ಇಣುಕುವ ಕಲ್ಲಿನ ಪ್ರಾಣಿಗಳನ್ನು ಒಮ್ಮೆಯಾದರೂ ತಲೆಯೆತ್ತಿ ನೋಡಿದ್ದು ಅವರ ‘ರಿಕ್ಷಾಪೊಲಿಸ್’ ಸರಣಿಯ ಚಿತ್ರಗಳನ್ನು ಕಂಡ ಮೇಲೆಯೇ. ಕ್ಯಾನ್ವಾಸಿನಲ್ಲಿ ರಿಕ್ಷಾ, ಬಸ್ಸು, ಕಾರು ಒಂದರೊಳಗೊಂದು ನುಗ್ಗಿ ಮುದ್ದೆಯಾಗಿವೆ. ಆ ಕ್ಯಾನ್ವಾಸನ್ನು ಹೊತ್ತು ನಿಂತಿರುವುದು ವಿ.ಟಿ.ಯ ಅದೇ ಪ್ರಾಣಿಗಳ ಕಂಚಿನ ರೂಪ. ಇಲ್ಲಿ ಚಿತ್ರ ಎಲ್ಲಿಗೆ ಮುಗಿಯಿತು, ಶಿಲ್ಪ ಎಲ್ಲಿಂದ ಶುರುವಾಯಿತು, ನೀವೇ ಹೇಳಿ.

ದೊಡ್ಡ ತಿರುವು ಅದಕ್ಕೂ ಮೊದಲೇ, 2003ರಲ್ಲಿ ಬಂದಿತ್ತು. ‘ಪಬ್ಲಿಕ್ ನೋಟೀಸ್’ ಕೃತಿಗಾಗಿ ಅವರು ಸ್ವಾತಂತ್ರ್ಯದ ನಡುರಾತ್ರಿ ನೆಹರೂ ಮಾಡಿದ ಭಾಷಣವನ್ನು ಅಕ್ರಿಲಿಕ್ ಕನ್ನಡಿಗಳ ಮೇಲೆ ರಬ್ಬರ್ ಅಂಟಿನಿಂದ ಬರೆದು ಬೆಂಕಿ ಹಚ್ಚಿದರು. ಅಕ್ಷರಗಳು ಕರಕಲಾದವು, ಕನ್ನಡಿಗಳು ಬಿಸಿಗೆ ಸೊಟ್ಟಗಾದವು. ಓದಲು ನಿಂತವರಿಗೆ ತಮ್ಮ ಮುಖವೂ ಸೊಟ್ಟಗೇ ಕಾಣುತ್ತದೆ. ಗುಜರಾತಿನ ಗಲಭೆ ನಡೆದ ಮರುವರ್ಷದ ಕೃತಿ ಇದು. ಕುಂಚದಿಂದ ಆಗುವ ಕೆಲಸವೇ ಇದು? 2007ರ ‘ಪಬ್ಲಿಕ್ ನೋಟೀಸ್ 2’ರಲ್ಲಿ, ದಂಡಿ ಯಾತ್ರೆಯ ಮುನ್ನಾದಿನ ಗಾಂಧೀಜಿ ಆಡಿದ ಮಾತುಗಳು ಮೂಳೆಯಾಕಾರದ 4,479 ಅಕ್ಷರಗಳಾದವು.

ಶುರುಮಾಡುವುದಾದರೆ ‘ಎಪಿಲಾಗ್’ ಎಂಬ ಫೋಟೊ ಕೃತಿಯಿಂದ ಮಾಡಿ. ಅವರ ತಂದೆ ಬದುಕಿದ್ದು ಅರವತ್ತೆರಡು ವರ್ಷ ಎಂಟು ತಿಂಗಳು. ರಾತ್ರಿಗೊಂದರಂತೆ 22,889 ಚಂದ್ರ. ಪ್ರತಿ ಚಂದ್ರನೂ ಒಂದು ರೊಟ್ಟಿಯ ಫೋಟೊ. ಹುಣ್ಣಿಮೆಗೆ ತುಂಬು ರೊಟ್ಟಿ, ಆಮೇಲೆ ದಿನದಿನಕ್ಕೂ ಯಾರೋ ತಿಂದು ಉಳಿಸಿದಂತೆ ಸವೆಯುವ ಚೂರು. ಕಾವಲಿಯ ಕಪ್ಪು ಕಲೆಗಳೇ ಚಂದ್ರನ ಮೈಮೇಲಿನ ಕಲೆಗಳು.

ನನ್ನ ಅಪ್ಪ ಹದಿನಾಲ್ಕನೆಯ ವಯಸ್ಸಿಗೆ ಉಡುಪಿಯ ಕಡೆಯಿಂದ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಬದುಕಿಡೀ ದುಡಿದವರು. ಸಾವಿರಾರು ಜನರಿಗೆ ಬಡಿಸಿ, ಕೊನೆಗೆ ರಾತ್ರಿ ಹನ್ನೊಂದಕ್ಕೆ ತಾವು ಊಟಕ್ಕೆ ಕೂರುತ್ತಿದ್ದರು. ಆ ಫೋಟೊಗಳನ್ನು ನೋಡಿದ ರಾತ್ರಿ ನಾನೂ ಕಾಗದ ತೆಗೆದುಕೊಂಡು ಅಪ್ಪನ ಚಂದ್ರರನ್ನು ಎಣಿಸಲು ಕುಳಿತೆ.