19 ಕೆಜಿ ಗ್ಯಾಸ್ ಸಿಲಿಂಡರ್‌ಗಳನ್ನು ಪಿಕಪ್‌ನಲ್ಲಿ ಮಲಗಿಸಿ ಒಯ್ಯಬಹುದೇ?

ಮದುವೆ ಅಡುಗೆಗೆ 19 ಕೆಜಿಯ ಆರು ನೀಲಿ ಸಿಲಿಂಡರ್‌ಗಳನ್ನು ಬೊಲೆರೊ ಪಿಕಪ್‌ನಲ್ಲಿ 60 ಕಿಲೋಮೀಟರ್ ಒಯ್ಯಬೇಕು, ನಿಲ್ಲಿಸಿದರೆ ಉರುಳುತ್ತವೆ, ಮಲಗಿಸಿ ಹಗ್ಗ ಬಿಗಿದರೆ ಸಾಕೇ ಎಂದು ಕೇಳಿದ್ದೀರಿ. ಮಲಗಿಸಲೇಬೇಡಿ. ಆರೂ ಬೇಡ, ಐದೇ ಒಯ್ಯಿರಿ.

ಐದು ಯಾಕೆಂದರೆ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಸಲಕ್ಕೆ ಇಟ್ಟುಕೊಳ್ಳಬಹುದಾದ ಎಲ್‌ಪಿಜಿ 100 ಕೆಜಿ. ಐದು ಸಿಲಿಂಡರ್‌ಗೆ 95 ಆಯಿತು, ಆರನೆಯದು ಸೇರಿದರೆ 114. ಎರಡು ಟ್ರಿಪ್ ಹೊಡೆದು ಮಂಟಪದಲ್ಲಿ ಹತ್ತು ಗುಡ್ಡೆ ಹಾಕಿದರೂ ಮಿತಿ ಮೀರಿದ ಹಾಗೆಯೇ. ಹೆಚ್ಚು ಬೇಕಿದ್ದರೆ ಮಂಟಪದ ಹತ್ತಿರದ ಏಜೆನ್ಸಿಯಿಂದಲೇ ತರಿಸಿಕೊಳ್ಳಿ.

ಇನ್ನು ಮಲಗಿಸುವ ಮಾತು. ಸಿಲಿಂಡರ್ ಒಳಗೆ ಕೆಳಗೆ ದ್ರವ, ಮೇಲೆ ಆವಿ. ನೆಟ್ಟಗೆ ನಿಂತಾಗ ವಾಲ್ವಿಗೆ ತಾಗುವುದು ಆವಿ ಮಾತ್ರ. ತುಂಬಿದ ಸಿಲಿಂಡರ್ ಮಲಗಿಸಿದರೆ ದ್ರವವೇ ವಾಲ್ವಿನ ಮೇಲೆ ಬಂದು ಕೂರುತ್ತದೆ. ವಾಲ್ವಿನ ರಬ್ಬರ್ ವಾಶರ್ ಸವೆದಿದ್ದರೆ ಆವಿ ಸಣ್ಣಗೆ ಸೋರುತ್ತಿದ್ದ ಜಾಗದಿಂದ ಈಗ ದ್ರವ ಸೋರುತ್ತದೆ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಸಾಲದ್ದಕ್ಕೆ, ದುಂಡಗಿನ ಸಾಮಾನು ಪ್ರತಿ ತಿರುವಿನಲ್ಲೂ ಉರುಳಿ ವಾಲ್ವಿಗೆ ಪೆಟ್ಟು ಕೊಡುತ್ತದೆ.

ಹತ್ತಿಸುವ ಮೊದಲು ಪ್ರತಿಯೊಂದರ ಕ್ಯಾಪ್ ತೆಗೆದು ವಾಲ್ವಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಕ್ಯಾಪ್ ಒತ್ತಿ ಹಾಕಿ ಅಲ್ಲೇ ವಾಪಸ್ ಕೊಡಿ. ಬೆಂಕಿಕಡ್ಡಿ ಗೀರಿ ನೋಡುವವರನ್ನು ಹತ್ತಿರವೂ ಬಿಡಬೇಡಿ. ಸಿಲಿಂಡರಿನ ಮೇಲ್ಭಾಗದ ಕಬ್ಬಿಣದ ಪಟ್ಟಿಯಲ್ಲಿ ಬರೆದ ಪರೀಕ್ಷೆಯ ಅವಧಿಯನ್ನೂ ಓದಿ: ಎ ಅಂದರೆ ಜನವರಿಯಿಂದ ಮಾರ್ಚ್, ಬಿ, ಸಿ, ಡಿ ಹಾಗೇ ಮುಂದಿನ ಮೂರು ಮೂರು ತಿಂಗಳು, ಪಕ್ಕದ ಅಂಕಿ ವರ್ಷ. ಅವಧಿ ದಾಟಿದ್ದು ಬೇಡ. ರೆಗ್ಯುಲೇಟರ್, ಪೈಪ್ ಕಳಚಿ ಬೇರೆ ಇಡಿ, ಎಲ್ಲಕ್ಕೂ ಕ್ಯಾಪ್ ಇರಲಿ.

ಕಟ್ಟುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ತುಂಬಿದ 19 ಕೆಜಿ ಸಿಲಿಂಡರ್ ಒಟ್ಟು 37 ಕೆಜಿ ಆಸುಪಾಸು ತೂಗುತ್ತದೆ, ಐದಕ್ಕೆ 185. ಗಟ್ಟಿ ಬ್ರೇಕ್ ಹೊಡೆದರೆ ಇದರ ಮುಕ್ಕಾಲು ಪಾಲಿನಷ್ಟು, ಅಂದರೆ ಹತ್ತಿರ ಹತ್ತಿರ 140 ಕೆಜಿ ಬಲ ಮುಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯಬೇಕಾದ್ದು ಹಗ್ಗವಲ್ಲ, ಕ್ಯಾಬಿನ್ ಹಿಂದಿನ ತಗಡು ಮತ್ತು ಕಂಬಿ. ಆದ್ದರಿಂದ ಸಿಲಿಂಡರ್‌ಗಳನ್ನು ಕ್ಯಾಬಿನ್‌ಗೆ ಆನಿಸಿ, ಒಂದಕ್ಕೊಂದು ತಾಗಿಸಿ ನಿಲ್ಲಿಸಿ. ಒಂದೊಂದು ಒಂದಡಿಗಿಂತ ಸ್ವಲ್ಪ ಅಗಲ, ಐದಕ್ಕೆ ಸುಮಾರು ಐದೂಕಾಲು ಅಡಿ ಬೇಕು. ಸಾಲದಿದ್ದರೆ ಮುಂದೆ ಮೂರು, ಅದರ ಹಿಂದೆ ಎರಡು. ಕೆಳಗೆ ರಬ್ಬರ್ ಹಾಸಿ, ಕೊಟ್ಟಿಗೆಯಲ್ಲಿ ಹಸುವಿಗೆ ಹಾಸುವ ಮ್ಯಾಟ್ ಇದಕ್ಕೆ ಬಲು ಚೆನ್ನ. ಜಾರುವುದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿಡಿಯೂ ಏಳುವುದಿಲ್ಲ. ಗೋಣಿಚೀಲ ತಗಡಿನ ಮೇಲೆ ತಾನೇ ಜಾರುತ್ತದೆ.

ಸಾಲಿನ ಹಿಂದೆ ಅಡ್ಡಲಾಗಿ ದಪ್ಪ ಮರದ ಪಟ್ಟಿ ಇಟ್ಟು, ಅದರ ಮೇಲಿಂದ ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಎಳೆದು ಕ್ಯಾಬಿನ್ ಕಂಬಿಯ ಎರಡೂ ತುದಿಗೆ ಬಿಗಿಯಿರಿ. ಪಟ್ಟಿ ಇಲ್ಲದೆ ಬೆಲ್ಟ್ ಮಾತ್ರ ಎಳೆದರೆ ಅಂಚಿನವು ಬಿಗಿಯಾಗಿ ನಡುವಿನವು ಸಡಿಲ ಉಳಿಯುತ್ತವೆ. ಒಂದು ಬೆಲ್ಟ್ ಸಿಲಿಂಡರಿನ ಎತ್ತರದ ಮೂರರಲ್ಲಿ ಎರಡು ಭಾಗದಲ್ಲಿ, ಇನ್ನೊಂದು ಕೆಳಗಿನ ಮೂರನೇ ಭಾಗದಲ್ಲಿ. ಮೇಲಿನ ಹಿಡಿಯ ಬಳೆಗೆ ಮಾತ್ರ ಹಗ್ಗ ಕಟ್ಟಿದರೆ ಬುಡ ಜಾರುತ್ತದೆ. ಪ್ಲಾಸ್ಟಿಕ್ ಹಗ್ಗ ಎಷ್ಟು ಬಿಗಿದರೂ ಹಂಪ್‌ಗಳಲ್ಲಿ ಕುಲುಕಿ ಸಡಿಲವಾಗುತ್ತದೆ. ಬೆಲ್ಟನ್ನೂ ಐದು ಕಿಲೋಮೀಟರ್ ಹೋದ ಮೇಲೆ ಇಳಿದು ಮತ್ತೊಮ್ಮೆ ಬಿಗಿಯಬೇಕು.

ಅಡುಗೆಯವರ ಗಾಡಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಜೊತೆಗೆ ಬರುವ ಸಾಮಾನು. ಪೆಟ್ರೋಲ್ ತುಂಬಿದ ಜನರೇಟರ್, ಸೀಮೆಎಣ್ಣೆ ಕ್ಯಾನ್ ಈ ಗಾಡಿಗೆ ಬೇಡ, ನಿಯಮದಲ್ಲೂ ಅದಕ್ಕೆ ಅವಕಾಶವಿಲ್ಲ. ಕೆಲಸದವರನ್ನು ಸಿಲಿಂಡರ್ ಪಕ್ಕ ಕೂರಿಸಬೇಡಿ: ಒಬ್ಬ ಬೀಡಿ ಹಚ್ಚಿದರೆ ಸಾಕು, ಸಿಲಿಂಡರ್ ಬಿದ್ದರೂ ಕಾಲು ಹೋಗುವುದು ಅವರದೇ. ಟಾರ್ಪಾಲಿನಿಂದ ಸುತ್ತಲೂ ಮುಚ್ಚಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ಒಳಗೇ ನೆಲಕ್ಕೆ ಕೂರುತ್ತದೆ, ಗಾಳಿಯಲ್ಲಿ ಸುಮಾರು 2 ಶೇಕಡ ಸೇರಿದರೂ ಹತ್ತಿಕೊಳ್ಳುತ್ತದೆ.

ದಾರಿಯಲ್ಲಿ ವಾಸನೆ ಬಂದರೆ ಚರಂಡಿ, ಹಳ್ಳ, ಅಂಗಡಿ ಇಲ್ಲದ ಬಯಲಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಸಣ್ಣ ಸೋರಿಕೆಯಾದರೆ ಕ್ಯಾಪ್ ಒತ್ತಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಗಾಳಿ ಬೀಸಿ ಬರುವ ಕಡೆಗೆ ಎಲ್ಲರೂ ದೂರ ಸರಿದು, ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದರೆ 112.

ವಾಪಸ್ ಬರುವಾಗ ಖಾಲಿ ಸಿಲಿಂಡರ್‌ಗಳಿಗೂ ಕ್ಯಾಪ್, ಪಟ್ಟಿ, ಬೆಲ್ಟ್ ಎಲ್ಲವೂ ಇದೇ ರೀತಿ. ಖಾಲಿ ಅಂದರೂ ಒಳಗೆ ಆವಿ ಉಳಿದಿರುತ್ತದೆ.