‘ಗ್ರಬ್ ರೆಸ್ಕ್ಯೂ’ ಎಂದು ಬಂದು ಕಂಪ್ಯೂಟರ್ ನಿಂತುಬಿಟ್ಟಿದೆ, ಫಾರ್ಮ್ಯಾಟ್ ಮಾಡಿಸಲೇಬೇಕೆ?

ಮಾಡಿಸಬೇಡಿ. ಇದನ್ನು ಓದಿ ಮುಗಿಸುವವರೆಗಾದರೂ ಆ ಸಿಪಿಯು ಡಬ್ಬಿಯನ್ನು ಯಾರ ಕೈಗೂ ಕೊಡಬೇಡಿ.

ನೀವು ಬರೆದಿರುವುದು ಇಷ್ಟು: ಅಂಕೋಲೆಯ ಮನೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇದ್ದವು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಬಳಸದೆ ಬಿದ್ದಿದ್ದ ಡಿ ಡ್ರೈವ್ ಅಳಿಸಿದಿರಿ. ಮರುದಿನ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ನೋ ಸಚ್ ಪಾರ್ಟಿಷನ್’ (ಡಿಸ್ಕಿನಲ್ಲಿ ಅಂಥ ಭಾಗವೇ ಇಲ್ಲ) ಎಂಬ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಎರಡರಲ್ಲಿ ಒಂದೂ ಏಳುತ್ತಿಲ್ಲ. ಕಾರವಾರಕ್ಕೆ ಒಯ್ದು ತೋರಿಸಿದರೆ ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿಯಿಲ್ಲ ಎಂದರು. ಅಣ್ಣನ ಮದುವೆಯ ಫೋಟೋಗಳು, ನಿಮ್ಮ ಪ್ರಾಜೆಕ್ಟ್ ವರದಿ ಎಲ್ಲ ಒಳಗೇ ಇವೆ.

ಬಹುಮಟ್ಟಿಗೆ ಅವೆಲ್ಲ ಇದ್ದಲ್ಲೇ ಇವೆ. ಕೆಟ್ಟಿರುವುದು ಒಂದು ಅಂಕಿ ಮಾತ್ರ. ಗ್ರಬ್ ಎಂದರೆ ಯಂತ್ರ ಆನ್ ಆದಾಗ ಮೊದಲು ಎದ್ದು, ಉಬುಂಟುವನ್ನೋ ವಿಂಡೋಸನ್ನೋ ಎಬ್ಬಿಸುವ ಪುಟ್ಟ ತಂತ್ರಾಂಶ.

ಹಳೆಯ ಬಯೋಸ್ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್‌ನದು. ಅದರಲ್ಲಿ ಯಂತ್ರವನ್ನು ಎಬ್ಬಿಸುವ ಕೋಡಿಗೆ ಸಿಗುವುದು 446 ಬೈಟ್. ಅಷ್ಟರಲ್ಲಿ ಏನು ತಾನೇ ಹಿಡಿಸೀತು? ಹಾಗಾಗಿ ಅದು ಪಕ್ಕದಲ್ಲೇ ಇರುವ ಗ್ರಬ್‌ನ ಇನ್ನೊಂದು ತುಣುಕನ್ನು ಎಬ್ಬಿಸುತ್ತದೆ. ‘ನನ್ನ ಉಳಿದ ಫೈಲುಗಳು 6ನೇ ಪಾರ್ಟಿಷನ್‌ನಲ್ಲಿವೆ’ ಎಂಬ ವಿಳಾಸ ಆ ತುಣುಕಿನಲ್ಲಿ ಬರೆದಿರುತ್ತದೆ. ಈ ಬಗೆಯ ಡಿಸ್ಕಿನಲ್ಲಿ ಮುಖ್ಯ ಪಾರ್ಟಿಷನ್‌ಗಳು ನಾಲ್ಕೇ. ಅವುಗಳಲ್ಲೊಂದರ ಒಳಗೆ ಮಾಡಿಕೊಳ್ಳುವ ಲಾಜಿಕಲ್ ಪಾರ್ಟಿಷನ್‌ಗಳ ಎಣಿಕೆ 5ರಿಂದ ಶುರುವಾಗುತ್ತದೆ. ನಿಮ್ಮ ಡಿ ಡ್ರೈವ್ 5 ಆಗಿತ್ತು, ಉಬುಂಟು 6 ಆಗಿತ್ತು ಎಂದಿಟ್ಟುಕೊಳ್ಳಿ. 5 ಅಳಿಸಿದ ಕೂಡಲೇ 6 ಇದ್ದದ್ದು 5 ಆಯಿತು. ಮನೆ ಕದಲಿಲ್ಲ, ಮನೆ ನಂಬರ್ ಬದಲಾಯಿತು. ಗ್ರಬ್ ಮಾತ್ರ ಹಳೆಯ ನಂಬರ್ ಹಿಡಿದು ಕೇರಿ ತುಂಬ ಹುಡುಕುತ್ತಿದೆ. ವಿಂಡೋಸ್ ಏಳದಿರುವುದಕ್ಕೂ ಇದೇ ಕಾರಣ, ಏಕೆಂದರೆ ಅದನ್ನು ಎಬ್ಬಿಸಬೇಕಾದದ್ದೂ ಗ್ರಬ್ಬೇ.

ಈಗ ಕೀಬೋರ್ಡ್ ಮುಂದೆ ಕುಳಿತುಕೊಳ್ಳಿ. ಮೊದಲು ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದಿಡಿ. ಆಮೇಲೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಎಲ್, ಎಸ್ ಎಂಬ ಎರಡೇ ಅಕ್ಷರ ಹೊಡೆದು ಎಂಟರ್ ಒತ್ತಿ. ಕಂಸಗಳೊಳಗೆ ‘ಎಚ್‌ಡಿ0’ ಎಂದೂ ‘ಎಚ್‌ಡಿ0,ಎಂಎಸ್‌ಡಾಸ್6’, ‘ಎಚ್‌ಡಿ0,ಎಂಎಸ್‌ಡಾಸ್5’, ‘ಎಚ್‌ಡಿ0,ಎಂಎಸ್‌ಡಾಸ್1’ ಎಂದೂ ಒಂದು ಸಾಲು ಬರುತ್ತದೆ. ಮೊದಲನೆಯದು ಇಡೀ ಡಿಸ್ಕ್, ಉಳಿದವು ನಿಮ್ಮ ಪಾರ್ಟಿಷನ್‌ಗಳು. ಒಂದೊಂದನ್ನೇ ಕೇಳುತ್ತಾ ಹೋಗಿ: ಎಲ್‌ಎಸ್, ಒಂದು ಖಾಲಿ ಜಾಗ, ಕಂಸ ಸಮೇತ ಆ ಹೆಸರು, ಕೊನೆಗೊಂದು ಓರೆಗೆರೆ (/). ವಿಂಡೋಸ್‌ನ ಪಾರ್ಟಿಷನ್ ಆದರೆ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎನ್ನುತ್ತದೆ. ಗಾಬರಿ ಬೇಡ, ಈ ಹಂತದಲ್ಲಿ ಗ್ರಬ್‌ಗೆ ವಿಂಡೋಸ್‌ನ ಕಡತಗಳನ್ನು ಓದಲು ಬರುವುದಿಲ್ಲ, ಅಷ್ಟೇ. ಯಾವುದೋ ಒಂದಕ್ಕೆ ಮಾತ್ರ ‘ಲಾಸ್ಟ್ ಫೌಂಡ್’, ‘ಬೂಟ್’, ‘ಹೋಮ್’ ಎಂದು ಫೋಲ್ಡರುಗಳ ಹೆಸರು ಸಾಲಾಗಿ ಉದುರುತ್ತವೆ. ನಿಮ್ಮ ಉಬುಂಟು ಅಲ್ಲೇ ಇದೆ.

ಅದು ಎಂಎಸ್‌ಡಾಸ್5 ಎಂದಾದರೆ, ನಾಲ್ಕು ಸಾಲು ಹೊಡೆಯಬೇಕು. ಒಂದನೆಯದು ಸೆಟ್ (set), ಖಾಲಿ ಜಾಗ, ರೂಟ್ (root), ಸಮ ಚಿಹ್ನೆ, ನಂತರ ಕಂಸ ಸಮೇತ ಆ ಪಾರ್ಟಿಷನ್ ಹೆಸರು. ಎರಡನೆಯದರಲ್ಲಿ ರೂಟ್ ಬದಲು ಪ್ರಿಫಿಕ್ಸ್ (prefix). ಪಾರ್ಟಿಷನ್ ಹೆಸರು ಮುಗಿದ ಮೇಲೆ ಓರೆಗೆರೆ, ಬೂಟ್ (boot), ಓರೆಗೆರೆ, ಗ್ರಬ್ (grub). ಮೂರನೆಯದು ಇನ್ಸ್‌ಮಾಡ್, (insmod), ಖಾಲಿ ಜಾಗ, ನಾರ್ಮಲ್ (normal). ನಾಲ್ಕನೆಯದು ಬರೀ ನಾರ್ಮಲ್. ಸಮ ಚಿಹ್ನೆಯ ಹಿಂದೆ ಮುಂದೆ ಖಾಲಿ ಜಾಗ ಬಿಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಮೂರನೆಯ ಸಾಲಿಗೆ ‘ಫೈಲ್ ನಾಟ್ ಫೌಂಡ್’ ಎಂದರೆ ಎರಡನೆಯ ಸಾಲನ್ನು ಅಕ್ಷರ ಅಕ್ಷರ ನೋಡಿಕೊಂಡು ಮತ್ತೆ ಹೊಡೆಯಿರಿ. ತಪ್ಪಾದರೆ ಏನೂ ಹಾಳಾಗುವುದಿಲ್ಲ. ಈ ಸಾಲುಗಳು ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ.

ಎಲ್ಲ ಸರಿಯಿದ್ದರೆ ಉಬುಂಟು, ವಿಂಡೋಸ್ ಎಂದು ಆರಿಸಿಕೊಳ್ಳುವ ನಿಮ್ಮ ಹಳೆಯ ಪಟ್ಟಿ ಕಣ್ಣೆದುರು ಬರುತ್ತದೆ.

ಉಬುಂಟು ಆರಿಸಿ ಒಳಗೆ ಹೋಗಿ. ಅಲ್ಲಿ ಮೊದಲ ಕೆಲಸ ರಿಪೇರಿಯಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ ಮದುವೆಯ ಫೋಟೋ, ವರದಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ವಿಂಡೋಸ್‌ನ ಪಾರ್ಟಿಷನ್ ತೆರೆಯುವಾಗ ಓದಲು ಮಾತ್ರ ಬಿಡುತ್ತೇನೆ ಎಂದು ಉಬುಂಟು ಹಟ ಹಿಡಿಯಬಹುದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ, ಅದಕ್ಕೇ ಹಾಗೆ. ನಕಲಿಗೆ ಅಷ್ಟು ಸಾಕು, ಬಲವಂತ ಮಾಡಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶಿರಸಿಯ ಹತ್ತಿರದ ನಮ್ಮ ಊರಿನಲ್ಲಿ ದೊಡ್ಡಮ್ಮ ಹೇಳುತ್ತಿದ್ದ ಮದುವೆಯ ಹಾಡು, ಆರತಿ ಹಾಡುಗಳನ್ನು ಎರಡು ಮಳೆಗಾಲ ಅಡುಗೆಮನೆಯ ಒಲೆಕಟ್ಟೆಯ ಹತ್ತಿರ ಕುಳಿತು ಧ್ವನಿಮುದ್ರಿಸಿಕೊಂಡಿದ್ದೆ. ಹಂಚಿನ ಮೇಲೆ ಮಳೆ ಜೋರಾದರೆ ನಿಲ್ಲಿಸುವುದು, ಹೊಳವಾದರೆ ಮತ್ತೆ ಶುರು ಮಾಡುವುದು. ನನ್ನ ಕಂಪ್ಯೂಟರ್ ಇದೇ ಕಪ್ಪು ಪರದೆ ತೋರಿಸಿದಾಗ ನನಗೆ ಏನೂ ಗೊತ್ತಿರಲಿಲ್ಲ. ಅಂಗಡಿಗೆ ಕೊಟ್ಟೆ. ಸಂಜೆ ಹೊಸ ವಿಂಡೋಸ್ ಹಾಕಿದ ಯಂತ್ರ ಕೈಗೆ ಬಂತು, ಲಕಲಕ ಹೊಳೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ಫೋನಿನಲ್ಲಿ ಉಳಿದಿದ್ದ ಮೂರು ಹಾಡು ಬಿಟ್ಟರೆ ಉಳಿದದ್ದೆಲ್ಲ ಹೋಯಿತು. ಮತ್ತೆ ಹಾಡಿಸಿಕೊಳ್ಳೋಣವೆಂದರೆ ದೊಡ್ಡಮ್ಮ ಈಗಿಲ್ಲ. ಅಂದು ಆ ಎರಡಕ್ಷರ ಗೊತ್ತಿದ್ದರೆ ಎಂದು ಇವತ್ತಿಗೂ ಕರುಳು ಚುರ್ ಎನ್ನುತ್ತದೆ.

ನಕಲು ಮುಗಿದ ಮೇಲೆ ಗ್ರಬ್‌ಗೆ ಹೊಸ ವಿಳಾಸ ಬರೆದು ಕೊಡಬೇಕು, ಇಲ್ಲವಾದರೆ ಮುಂದಿನ ಸಲ ಮತ್ತೆ ಅದೇ ಕಪ್ಪು ಪರದೆ. ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತಿಟ್ಟು, ಟರ್ಮಿನಲ್‌ನಲ್ಲಿ ಸುಡೊ ಸಮೇತ ಗ್ರಬ್-ಇನ್‌ಸ್ಟಾಲ್ (sudo grub-install) ಆಜ್ಞೆ ಕೊಡಿ, ನಂತರ ಹಾಗೆಯೇ ಅಪ್‌ಡೇಟ್-ಗ್ರಬ್ (sudo update-grub). ಸುಡೊ ಎಂದರೆ ಯಂತ್ರದ ಯಜಮಾನನ ಅಧಿಕಾರದಿಂದ ಓಡಿಸುವುದು. ಮೊದಲನೆಯದಕ್ಕೆ ಇಡೀ ಡಿಸ್ಕಿನ ಹೆಸರು ಕೊಡಬೇಕು, ಸಾಮಾನ್ಯವಾಗಿ ‘/dev/sda’. ಮುಂದೆ 5 ಎಂದು ಸೇರಿಸಬಾರದು. ಹೊಸ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಅದೂ ಹೋಗಿಲ್ಲ. ಗ್ರಬ್ 2.06ರಿಂದೀಚೆಗೆ ಪಕ್ಕದ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟು ಮತ್ತೊಮ್ಮೆ ಅಪ್‌ಡೇಟ್-ಗ್ರಬ್ ಓಡಿಸಿ.

ಯಾವ ಪಾರ್ಟಿಷನ್ ಕೇಳಿದರೂ ‘ಅನ್‌ನೋನ್’ ಎಂದೇ ಬಂದರೆ, ಡಿ ಜೊತೆಗೆ ಉಬುಂಟು ಪಾರ್ಟಿಷನ್ ಕೂಡ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು. ಆಗಲೂ ಆಸೆ ಬಿಡಬೇಕಾಗಿಲ್ಲ. ಅಳಿಸಿದ್ದು ಪಟ್ಟಿಯಲ್ಲಿನ ಹೆಸರನ್ನು. ಒಳಗಿನ ಕಡತಗಳ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅವು ಉಳಿದಿರುತ್ತವೆ. ಸ್ನೇಹಿತರ ಕಂಪ್ಯೂಟರಿನಲ್ಲಿ 8 ಜಿಬಿಯ ಪೆನ್ ಡ್ರೈವ್‌ಗೆ ಉಬುಂಟು ಹಾಕಿಸಿಕೊಂಡು, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆರಿಸಿ ಒಳಗೆ ಹೋಗಿ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಕಳೆದ ಪಾರ್ಟಿಷನ್ ಹುಡುಕಿಸಬಹುದು. ಅದು ಕಂಡದ್ದನ್ನು ‘ರೈಟ್’ ಮಾಡುವ ಮೊದಲು ಆ ಪರದೆಯ ಫೋಟೋವನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.

ಎಲ್‌ಎಸ್‌ಗೆ ಎಚ್‌ಡಿ0 ಎಂಬುದೇ ಬರದಿದ್ದರೆ, ಅಥವಾ ಒಮ್ಮೆ ಬಂದು ಒಮ್ಮೆ ಬರದಿದ್ದರೆ, ವಿಷಯ ಬೇರೆ. ನಿಮ್ಮದು ಕಡಲ ತೀರ. ಆಷಾಢದ ತೇವ, ಉಪ್ಪು ಗಾಳಿ ಸೇರಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ತುದಿಗೆ ಕಿಲುಬು ಹಿಡಿಯುತ್ತದೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕೇಬಲ್ಲಿನ ಎರಡೂ ತುದಿ ಬಿಚ್ಚಿ ಒಣಬಟ್ಟೆಯಿಂದ ಒರೆಸಿ ಗಟ್ಟಿಯಾಗಿ ಸಿಕ್ಕಿಸಿ. ಬಯೋಸ್‌ನಲ್ಲಿ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಸಿಆರ್2032 ಎಂಬ ಬಿಲ್ಲೆಯಂಥ ಸೆಲ್ಲನ್ನೂ ಬದಲಾಯಿಸಿ. ಡಿಸ್ಕಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ. ಅದು ದತ್ತಾಂಶ ತೆಗೆದುಕೊಡುವುದನ್ನೇ ಕಸುಬು ಮಾಡಿಕೊಂಡವರ ಕೆಲಸ.

ಮೊದಲ ಎಲ್‌ಎಸ್‌ಗೆ ಬಂದ ಸಾಲನ್ನು ಇಂದು ರಾತ್ರಿಯೇ ಇಲ್ಲಿ ಬರೆಯಿರಿ, ಯಾವ ಪಾರ್ಟಿಷನ್ ಮೊದಲು ಕೇಳಬೇಕೆಂದು ಹೇಳುತ್ತೇನೆ. ಪೆನ್ ಡ್ರೈವ್ ಮಾಡಿಕೊಡುವವರು ಅಲ್ಲಿ ಸಿಗದಿದ್ದರೆ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವವರ ಕೈಯಲ್ಲಿ ಒಂದು ಖಾಲಿ ಪೆನ್ ಡ್ರೈವ್ ಕಳಿಸಿ, ನಾನು ಮಾಡಿಕೊಡುತ್ತೇನೆ.