ಷೋ ಇಲ್ಲದ ದಿನಗಳ ಲೆಕ್ಕ

ನಾನು ಅಮೆರಿಕದ ಸಂಗೀತದ ಊರು ನ್ಯಾಶ್‌ವಿಲ್‌ನಲ್ಲಿ ಆಪ್ತಸಲಹೆಗಾರ್ತಿ. ಈ ಊರಲ್ಲಿರುವುದರಿಂದ ನನ್ನ ಹತ್ತಿರ ಸಂಗೀತಗಾರರೇ ಜಾಸ್ತಿ ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗಿಯ ಬಗ್ಗೆ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವಳು ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳ ಅಮೆರಿಕನ್ ಸಂಗೀತದ ತಂಡವೊಂದರಲ್ಲಿ ಫಿಡಲ್ ನುಡಿಸುತ್ತಾಳೆ. ಫಿಡಲ್ ಅಂದರೆ ನಮ್ಮ ಪಿಟೀಲೇ. ಇಲ್ಲಿ ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ಬಾಸ್ ಜೊತೆ ನಿಂತು ನುಡಿಸುತ್ತಾರೆ. ಬೇಸಿಗೆಯ ಉತ್ಸವಗಳಲ್ಲಿ ಕೈತುಂಬ ಕೆಲಸ. ಚಳಿಗಾಲದಲ್ಲಿ ಕೈ ಖಾಲಿ.

ನವೆಂಬರ್‌ನಲ್ಲಿ ಬಂದಳು. "ನನ್ನ ಕೈಯಲ್ಲಿ ಅಷ್ಟು ವಿದ್ಯೆ ಇಲ್ಲವೇನೋ" ಅಂದಳು. ಮಾತಾಡುತ್ತಾ ಎಡ ದವಡೆಯ ಕೆಳಗೆ ಉಜ್ಜಿಕೊಳ್ಳುತ್ತಿದ್ದಳು. ವಾದ್ಯ ಒತ್ತಿ ಒತ್ತಿ ಅಲ್ಲಿ ಕಾಸಿನಗಲ ಚರ್ಮ ಕಪ್ಪಾಗಿತ್ತು. ನಿದ್ದೆ ಬರುತ್ತಿರಲಿಲ್ಲ. ಕರೆದ ಯಾವ ಷೋಗೂ ಅವಳು ಆಗಲ್ಲ ಅಂದಿರಲಿಲ್ಲ. ಒಮ್ಮೆ ಆಗಲ್ಲ ಅಂದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬ ಭಯ. ಸಾಯುವ ಯೋಚನೆ ಬರುತ್ತದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ನಿದ್ದೆಗಾಗಿ ವೈದ್ಯರನ್ನು ಕಾಣಲು ಹೇಳಿದೆ.

ಎರಡನೇ ಭೇಟಿಗೆ ಷೂ ಡಬ್ಬದ ತುಂಬ ಪೆಟ್ರೋಲ್, ಊಟದ ರಸೀದಿ ತಂದಳು. ನಾನೇ ತರಲು ಹೇಳಿದ್ದೆ. ಇಬ್ಬರೂ ಮೇಜಿನ ಮೇಲೆ ಹರಡಿಕೊಂಡು ಕೂತೆವು. ವರ್ಷಕ್ಕೆ 92 ಷೋ, ಒಂದಕ್ಕೆ 200 ಡಾಲರ್. ಒಟ್ಟು 18,400. "ಮನೆ ಬಿಟ್ಟು ಎಷ್ಟು ದಿನ ಇದ್ದೆ?" ಅಂತ ಕೇಳಿದೆ. ಅದನ್ನು ಅವಳು ಎಣಿಸಿಯೇ ಇರಲಿಲ್ಲ. ಕ್ಯಾಲೆಂಡರ್ ತಿರುವಿ ಹಾಕಿದರೆ 171 ದಿನ. ಅಂದರೆ ದಿನಕ್ಕೆ 108 ಡಾಲರ್ ಕೂಡ ಪೂರ್ತಿ ಇಲ್ಲ. ಊಟ ಅದರಲ್ಲೇ. ಖರ್ಚು ಕಳೆದು ಉಳಿದದ್ದರ ಬಹುಪಾಲಿನ ಮೇಲೆ ಶೇ 15.3ರ ದರದಲ್ಲಿ ಸ್ವಉದ್ಯೋಗ ತೆರಿಗೆ ಬೇರೆ. ಅದಕ್ಕೆ ಒಂದು ಡಾಲರ್ ಕೂಡ ಎತ್ತಿಟ್ಟಿರಲಿಲ್ಲ. ಇನ್ನು ಮೂರು ತಿಂಗಳಿಗೆ 26 ತುಂಬಿದರೆ ಅಪ್ಪ ಅಮ್ಮನ ಆರೋಗ್ಯ ವಿಮೆಯಿಂದಲೂ ಹೊರಗೆ.

ವಿದ್ಯೆ ಇಲ್ಲ ಅಂತ ಅವಳು ಕೊರಗುತ್ತಿದ್ದದ್ದು ಈ ಲೆಕ್ಕದ ಭಯವೇ. ಅದನ್ನು ಹಾಗೇ ಹೇಳಿದೆ. ಅವಳು ತುಂಬಾ ಹೊತ್ತು ಅತ್ತಳು.

ನಾನು ಹೇಳಿದ್ದು ಇಷ್ಟು. ವಿಮೆ ಮುಗಿಯುವ 60 ದಿನ ಮೊದಲೇ ಸರ್ಕಾರ ನಡೆಸುವ ಆರೋಗ್ಯ ವಿಮೆ ಮಾರುಕಟ್ಟೆಯಲ್ಲಿ ಹೊಸ ವಿಮೆಗೆ ಅರ್ಜಿ ಹಾಕಬಹುದು, ಕೊನೆ ದಿನಕ್ಕೆ ಕಾಯಬೇಡ. ಬಂದ ದುಡ್ಡಿನಲ್ಲಿ ತೆರಿಗೆ ಪಾಲನ್ನು ಅಂದೇ ಬೇರೆ ಖಾತೆಗೆ ಹಾಕು. ವಾರಕ್ಕೆ ಎರಡು ದಿನ ಪಾಠ ಹೇಳು. ಇದಕ್ಕೆ ಮುಖ ಸಣ್ಣ ಮಾಡಿದಳು. ಪಾಠ ಹೇಳುವವರು ಸೋತವರು ಎಂಬ ನಂಬಿಕೆ ಅವಳದು. ಆಗ ಕೆನ್ನಿ ಬೇಕರ್ ಮಾತು ತೆಗೆದೆ. ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಫಿಡಲ್ ನುಡಿಸಿದವರು. ಅವರು ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ತಂಡ ಬಿಟ್ಟು ಗಣಿಗೆ ಹೋಗಿ ಮತ್ತೆ ತಂಡಕ್ಕೆ ಬಂದವರು. ಅವರ ರೆಕಾರ್ಡ್ ಕೇಳಿಯೇ ಕಮಾನು ಹಿಡಿಯಲು ಕಲಿತವಳು ಅವಳು. ಗಣಿಯ ವಿಷಯವೂ ಗೊತ್ತಿತ್ತು. ತನಗೆ ಅನ್ವಯಿಸಿಕೊಂಡಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ತಂಡದ ಮುಖ್ಯಸ್ಥನ ಜೊತೆ ಮಾತು. ಪ್ರಯಾಣದ ದಿನಕ್ಕೆ ದುಡ್ಡು ಇದೆಯಾ? ರೂಮಿನ ಬಾಡಿಗೆ ಯಾರದು? ಮಳೆ ಬಂದು ಷೋ ನಿಂತರೆ? ಸೀಸನ್ ಶುರುವಾಗುವ ಮುಂಚೆ ಕೇಳಿ, ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಅಭ್ಯಾಸಕ್ಕೆ ನಾನೇ ಮುಖ್ಯಸ್ಥನಾಗಿ ಎದುರು ಕೂತೆ. ಮೊದಲ ಸಲ ದನಿ ಗಂಟಲಲ್ಲೇ ಉಳಿಯಿತು. ಎರಡನೇ ಸಲ "ಸಾರಿ, ಸುಮ್ನೆ ಕೇಳಿದೆ" ಅಂತ ಸೇರಿಸಿದಳು. ಆ ಮಾತನ್ನು ಬಿಡಿಸಲು ಇನ್ನೂ ನಾಲ್ಕು ಸಲ ಬೇಕಾಯಿತು.

ಫೆಬ್ರವರಿಯಲ್ಲಿ ಮತ್ತೆ ಬಂದಳು. ಪ್ರಯಾಣದ ದಿನಕ್ಕೆ ಅರ್ಧ ಸಂಭಾವನೆಗೆ ಮುಖ್ಯಸ್ಥ ಒಪ್ಪಿದ್ದ. ಮಳೆ ವಿಷಯಕ್ಕೆ ಒಪ್ಪಿರಲಿಲ್ಲ. ಐವರು ಮಕ್ಕಳಿಗೆ ಪಾಠ ನಡೆದಿತ್ತು. ಒಂದು ಪ್ರವಾಸಕ್ಕೆ ಆಗಲ್ಲ ಅಂದಿದ್ದಳು. ಆದರೂ ತಂಡದವರು ಮುಂದಿನದಕ್ಕೆ ಕರೆದಿದ್ದರು.

ಇನ್ನೊಂದು ವಿಷಯವನ್ನು ಅವಳಾಗಿಯೇ ಹೇಳಿದಳು. ಇಲ್ಲಿನ ಬ್ಲೂಗ್ರಾಸ್ ಕ್ಲಬ್ ಸ್ಟೇಷನ್ ಇನ್‌ನಲ್ಲಿ ಭಾನುವಾರ ರಾತ್ರಿ ಯಾರು ಬೇಕಾದರೂ ವಾದ್ಯ ತಂದು ವೃತ್ತದಲ್ಲಿ ಕೂತು ನುಡಿಸಬಹುದು. ದುಡ್ಡು ಬರದ ಕಡೆ ಯಾಕೆ ಹೋಗಬೇಕು ಅಂತ ಒಂದು ವರ್ಷದಿಂದ ಬಿಟ್ಟಿದ್ದಳಂತೆ. ಹಿಂದಿನ ವಾರ ಹೋಗಿದ್ದಳು. ಬಾಗಿಲು ಹಾಕುವವರೆಗೂ ಎದ್ದಿರಲಿಲ್ಲವಂತೆ.